ದೊಡ್ಡಮುನಿಯಪ್ಪನವರ ಪೈಪಿಗೆ ಒಂದು ಬುಷ್

ದೊಡ್ಡಮುನಿಯಪ್ಪನವರು ತಾವು ಹೊಗೆಸೊಪ್ಪು ಸೇದುವ ಪೈಪನ್ನು ಎರಡು ತುಂಡಾಗಿ ಬಿಚ್ಚಿ ತಂದು ನನ್ನ ಲೇತಿನ ಮೇಲಿಟ್ಟಾಗ ಮೆಷಿನ್ ಓಡುತ್ತಿತ್ತು. ಓಡುವ ಮೆಷಿನ್ ಮೇಲೆ ಏನೂ ಇಡಬೇಡಿ ಎಂದು ನಾನು ಅವರಿಗೆ ಹೇಳದ ದಿನವಿಲ್ಲ. ಶೆಡ್ಡು ಅವರದು, ಮೆಷಿನ್ ನನ್ನದು. ಆದರೆ ಅವರ ಪ್ರಕಾರ ಅವರ ನೆಲದ ಮೇಲೆ ನಿಂತದ್ದೆಲ್ಲ ಅವರ ಮಾತು ಕೇಳಬೇಕು, ಮೆಷಿನ್ ಕೂಡ.

“ಆರ್ಸಲಾ ಅದನ್ನ. ಬಾ ಇಲ್ಲಿ.”

“ಯಜಮಾನ್ರೇ, ಕೈ ಸಿಕ್ಕಾಕ್ಕೊಂಡ್ರೆ ಯಾರ್ ಜವಾಬ್ದಾರಿ?”

“ನನ್ ಕೈಗೆ ನಾನ್ ಜವಾಬ್ದಾರಿ. ಇದನ್ನ ನೋಡು. ಬತ್ತಿ ಮುಗ್ದೋಗದೆ. ಭಾನ್ವಾರ ಮಂಜು ಬತ್ತಾಳೆ. ಅಷ್ಟ್ರಾಗೆ ಏನಾನ ಮಾಡ್ಕೊಡು.”

ಬತ್ತಿ ಎಂದರೆ ಪೈಪಿನ ಫಿಲ್ಟರು. ಮಂಜು ಎಂದರೆ ಅವರ ಮೊಮ್ಮಗಳು ಮಂಜುಶ್ರೀ. ಯಲಹಂಕಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅವಳಿಗೆ ಹೆಣ್ಣು ಮಗು ಹುಟ್ಟಿತ್ತು, ತಿಂಗಳು ತುಂಬುವ ಮೊದಲೇ. ಮಗುವನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡಿದ್ದರು. ಈಗ ಮನೆಗೆ ಕಳಿಸಿದ್ದಾರೆ, ಆದರೆ ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದಾರೆ: ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ, ಇರುವ ಮನೆಯಲ್ಲಿ ಹೊಗೆ ಇರಬಾರದು.

ಚೊಚ್ಚಲ ಬಾಣಂತನ ತವರಲ್ಲಿ. ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆದರೆ ಮಂಜುಶ್ರೀ ಫೋನ್ ಮಾಡಿ, “ತಾತ, ಬೇಜಾರ್ ಮಾಡ್ಕೋಬೇಡ. ಅಲ್ಲಿ ನಿನ್ ಪೈಪ್ ಅದೆ. ನಾನು ಅತ್ತೆ ಮನೇಲೇ ಇರ್ತೀನಿ” ಎಂದುಬಿಟ್ಟಿದ್ದಳು.

ಮುದುಕರು ಬೇಜಾರು ಮಾಡಿಕೊಳ್ಳಲಿಲ್ಲ. ವಾದಕ್ಕೆ ಇಳಿದರು. “ನಮ್ ಪೈಪ್ನಾಗೆ ವಗೆ ಸೋಸ್ಕಂಡ್ ಬತ್ತದೆ ಕಣಮ್ಮಾ. ಫಿಲ್ಟರ್ ಅದೆ. ಬೀಡಿ ವಗೆ ತರ ಅಲ್ಲ. ಬಂದು ನೋಡು ಬೇಕಾರೆ.” ಅವಳು, ಆಯ್ತು, ಭಾನುವಾರ ಮಗುವನ್ನು ಬಿಟ್ಟು ನಾನೊಬ್ಬಳೇ ಬಂದು ನೋಡುತ್ತೇನೆ ಎಂದಳು. ಫೋನ್ ಇಟ್ಟು ಡಬ್ಬಿ ತೆಗೆದರೆ ಅದರಲ್ಲಿ ಒಂದು ಬತ್ತಿಯೂ ಇಲ್ಲ.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು.

ತುಮಕೂರು ರಸ್ತೆಯಿಂದ ಒಳಕ್ಕೆ, ನಾಗಸಂದ್ರ ದಾಟಿ ಮಾಕಳಿ ಕಡೆಗೆ ಅವರ ಜಾಗ. ಮೊದಲು ರಾಗಿ, ಅವರೆ ಬೆಳೆಯುತ್ತಿದ್ದ ಹೊಲ. ಈಗ ಅದರಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು. ಒಂದರಲ್ಲಿ ನನ್ನ ಲೇತು, ಪಕ್ಕದ್ದರಲ್ಲಿ ಮರದ ಪೆಟ್ಟಿಗೆ ಮಾಡುವವರು, ಕೊನೆಯದರಲ್ಲಿ ಪೇಂಟಿಂಗ್ ಕೆಲಸ. ಅದೇ ಕಾಂಪೌಂಡಿನ ಮುಂಭಾಗದಲ್ಲಿ ಅವರ ಮನೆ. ಮನೆಯ ಮುಂದೆ ಹೊಂಗೆ ಮರ, ಅದರ ಕೆಳಗೆ ಒಂದು ಚಪ್ಪಡಿ ಕಲ್ಲು. ಬೆಳಿಗ್ಗೆ ಕಾಫಿ ಕುಡಿದು ಆ ಕಲ್ಲಿನ ಮೇಲೆ ಕೂತರೆ ಅವರ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಒಳಗೆ ಬರುವಂತಿಲ್ಲ.

ಆಳು ಎತ್ತರ, ಕಿವಿಯಲ್ಲಿ ಒಂಟಿ, ಹೆಗಲ ಮೇಲೆ ಬಿಳಿ ಟವೆಲ್ಲು. ನಾನಾದರೂ ಏಳನೇ ಕ್ಲಾಸು ಕಂಡವನು, ಅವರು ಅಷ್ಟೂ ಇಲ್ಲ. ನಾನು ಗಿರಾಕಿಯ ಮೇಲೆ ಕೂಗಾಡಿದರೆ ಎದ್ದು ಬಂದು ನನ್ನ ಮೇಲೆ ಕೂಗಾಡುತ್ತಾರೆ. ನನ್ನದು ಮುಗಿದ ಮೇಲೆ ಗಿರಾಕಿಯ ಕಡೆ ತಿರುಗಿ ಅವನಿಗೂ ಕೊಡುತ್ತಾರೆ. ಒಂದು ಸಲ ಏನೋ ಮಾತಿಗೆ ಮಾತು ಬೆಳೆದು ನನ್ನ ಶೆಡ್ಡಿಗೆ ಅವರು ಬೀಗ ಜಡಿದರು. ನಾನೂ ಬಿಡದೆ ಬಾಗಿಲ ಮುಂದೆಯೇ ಕೂತೆ. ಮಧ್ಯಾಹ್ನ ಅವರ ಸೊಸೆ ವೇದಾ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. “ಮಾವ ಕಳಿಸಿದ್ರು. ಉಂಡ್ಬಿಟ್ಟು ಸಿಟ್ಟು ಮುಂದುವರಿಸ್ಬೇಕಂತೆ.” ಉಂಡೆ. ಬೀಗ ಇನ್ನೂ ನೇತಾಡುತ್ತಲೇ ಇತ್ತು. ಸಂಜೆ ಅವರೇ ಬಂದು ತೆಗೆದರು, ಮಾರನೇ ದಿನದಿಂದ ಎಂದಿನಂತೆ.

ವಯಸ್ಸಿನಲ್ಲಿ ಅವರು ಸೇದುತ್ತಿದ್ದದ್ದು ಚುಂಗಾಣಿ. ಮಣ್ಣಿನ ಬಟ್ಟಲಿಗೆ ಸಣ್ಣ ಕೊಳವೆ ಸಿಕ್ಕಿಸಿ, ಹೊಗೆಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ತುಂಬಿ ಸೇದುವುದು. ಕೆಲವು ವರ್ಷಗಳ ಹಿಂದೆ ಪೆಟ್ಟಿಗೆ ಶೆಡ್ಡಿಗೆ ಹೊರದೇಶದ ಒಬ್ಬ ವ್ಯಾಪಾರಿ ಬಂದಿದ್ದ. ಕಾರು ಬರುವುದು ತಡವಾಗಿ ಚಪ್ಪಡಿಯ ಮೇಲೆ ಇವರ ಪಕ್ಕ ಕೂತ. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು. ಇವರು ಚುಂಗಾಣಿ ಕೊಟ್ಟರು, ಅವನು ಒಂದು ದಮ್ಮು ಎಳೆದು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ. ಅಷ್ಟೇ ಪರಿಚಯ. ಮುಂದಿನ ವರ್ಷ ಬಂದಾಗ ನೆನಪಿಟ್ಟುಕೊಂಡು ಒಂದು ಪೈಪು ತಂದುಕೊಟ್ಟ. ನುಣ್ಣಗೆ ಉಜ್ಜಿದ ಕಂದು ಮರದ ಬಟ್ಟಲು, ಕಪ್ಪು ಕೊಳವೆ. ಜೊತೆಗೆ ಡಬ್ಬಿ ತುಂಬ ಫಿಲ್ಟರು.

ಆ ಫಿಲ್ಟರು ನೋಡಲು ಸಿಗರೇಟಿನ ತುದಿಯಂತೆ ಬೆಳ್ಳಗಿರುತ್ತದೆ, ಅದಕ್ಕಿಂತ ಸ್ವಲ್ಪ ದಪ್ಪ. ಒಳಗೆ ಇದ್ದಿಲಿನ ಕಾಳು. ಪೈಪಿನ ಕೊಳವೆಯನ್ನು ಎಳೆದು ಬಿಚ್ಚಿದರೆ ಅದರೊಳಗೆ ಒಂದು ಪೊಳ್ಳು ಇರುತ್ತದೆ, ಅಲ್ಲಿ ಸಿಕ್ಕಿಸಬೇಕು. ಯಾವ ತುದಿ ಬೆಂಕಿಯ ಕಡೆ, ಯಾವ ತುದಿ ಬಾಯಿಯ ಕಡೆ ಎಂದು ಆ ಮನುಷ್ಯ ಕೈಸನ್ನೆಯಲ್ಲೇ ಹೇಳಿಕೊಟ್ಟು ಹೋದ. ಸೇದಿದ ಮೇಲೆ ಹೊರಕ್ಕೆ ತೆಗೆದರೆ ಬಿಳಿ ಬತ್ತಿ ಕಂದಾಗಿರುತ್ತದೆ. ದೊಡ್ಡಮುನಿಯಪ್ಪನವರಿಗೆ ಅದನ್ನು ನೋಡುವುದೇ ಒಂದು ಆನಂದ. ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸುವರು. “ನೋಡು, ಇಷ್ಟೂ ನನ್ ಎದೆಗೋಗ್ಬೇಕಿತ್ತು. ಇಲ್ಲೇ ಇಡ್ಕಂಡದೆ. ನಾನು ನಿಮ್ಮಂಗೆ ಸೇದಲ್ಲ. ಸೋಸಿ ಸೇದ್ತೀನಿ.”

ಅದರ ಮೇಲೆ ಅವರಿಗೆ ಎಂಥ ನಂಬಿಕೆ ಬಂತೆಂದರೆ ತಾವು ಹೊಗೆ ಬಿಟ್ಟೇಬಿಟ್ಟಿದ್ದೇವೆ ಎಂಬಂತೆ ಮಾತಾಡಲು ಶುರುಮಾಡಿದರು. ಜೀಷಾನ್ ಅಂಗಡಿಯಲ್ಲಿ ಸಿಗರೇಟು ಸೇದುತ್ತ ನಿಂತವರಿಗೆ ಬುದ್ಧಿ ಹೇಳಿ ಬರುತ್ತಿದ್ದರು. ಜೀಷಾನ್ ಎಂದರೆ ಮುಖ್ಯ ರಸ್ತೆಯಲ್ಲಿ ಮೆಟ್ರೋ ಕಂಬದ ಎದುರು ಬೀಡಾ ಅಂಗಡಿ ಇಟ್ಟಿರುವವನು. “ತಾತ, ನೀವು ಇಲ್ಲಿ ನಿಂತ್ಕೊಂಡ್ರೆ ನನ್ ವ್ಯಾಪಾರ ಹೋಗ್ತದೆ” ಎಂದು ಅವನು ಕೈ ಮುಗಿಯುತ್ತಿದ್ದ. ತಾತ ಅವನ ಹತ್ತಿರವೇ ಹೊಗೆಸೊಪ್ಪು ಕೊಂಡು ವಾಪಸ್ಸು ಬರುತ್ತಿದ್ದರು.

ಪೆಟ್ಟಿಗೆಯವರಿಗೆ ಆ ವ್ಯಾಪಾರಿಯ ಆರ್ಡರು ನಿಂತುಹೋಯಿತು. ಅವನು ಮತ್ತೆ ಬರಲಿಲ್ಲ. ಬತ್ತಿಗಳು ಒಂದೊಂದಾಗಿ ತೀರುತ್ತ ಬಂದವು. ಇವರು ಉಳಿತಾಯಕ್ಕೆಂದು ಒಂದೇ ಬತ್ತಿಯನ್ನು ಸೀಗೇಪುಡಿ ಹಾಕಿ ತೊಳೆದು ತಗಡಿನ ಮೇಲೆ ಒಣಗಿಸಿ ಮತ್ತೆ ಮತ್ತೆ ಹಾಕಿಕೊಂಡರು. ಒಳಗಿನ ಇದ್ದಿಲು ಕೆಸರಾಗಿ ಬಾಯಿಗೆ ಬಂತು. ಇನ್ನೊಂದನ್ನು ಒಣಗಲು ಇಟ್ಟಿದ್ದಾಗ ಕಾಗೆ ಎತ್ತಿಕೊಂಡು ಹೋಯಿತು. ಆ ಕಾಗೆಗೆ ಅವರು ಬೈದ ಬೈಗುಳ ಪೇಂಟಿಂಗ್ ಶೆಡ್ಡಿನ ತನಕ ಕೇಳಿಸಿತ್ತು.

ಬತ್ತಿ ಇಲ್ಲದೆ ಸೇದಬಾರದೇ ಎಂದು ನಾನೂ ಕೇಳಿದೆ. ಆಗುವುದಿಲ್ಲವಂತೆ. ಬತ್ತಿ ಇರಬೇಕಾದ ಜಾಗ ಖಾಲಿ ಬಿದ್ದರೆ ಹೊಗೆ ಅಲ್ಲಿ ಸುತ್ತಿ ತಣ್ಣಗಾಗಿ ನೀರಾಗುತ್ತದೆ, ಎಳೆದರೆ ಗುಳುಗುಳು ಎಂದು ಕಹಿ ನೀರು ನಾಲಿಗೆಗೆ ಬರುತ್ತದೆ. ಅದೂ ಅಲ್ಲದೆ ಈಗ ಅವರಿಗೆ ಬೇಕಾಗಿದ್ದದ್ದು ಬರೀ ಸೇದುವುದಲ್ಲ. ಮೊಮ್ಮಗಳ ಮುಂದೆ ಸೋಸಿ ತೋರಿಸಬೇಕು. ತೋರಿಸಿದರೆ ಮಗು ಈ ಮನೆಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ವೇದಾ ಫೋನಿನಲ್ಲಿ ಹುಡುಕಿ ನೋಡಿದ್ದರು. ಆ ಬತ್ತಿ ಹೊರಗಿನಿಂದ ಬರಬೇಕು, ಬರಲು ವಾರಗಟ್ಟಲೆ ಆಗುತ್ತದೆ ಎಂದು ತೋರಿಸಿತಂತೆ. ಫೋನಿನಲ್ಲಿ ಎಲ್ಲ ಸಿಗುತ್ತದೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೇಕಾದ ದಿನ ಬೇಕಾದ್ದು ಸಿಗಬೇಕಾದರೆ ಇವತ್ತಿಗೂ ಒಬ್ಬ ಲೇತಿನವನ ಬಾಗಿಲಿಗೇ ಬರಬೇಕು.

ದಾರಿ ಸಿಕ್ಕಿದ್ದು ಮಾತ್ರ ಜೀಷಾನ್ ಅಂಗಡಿಯಲ್ಲಿ. ಈಗಿನ ಹುಡುಗರು ಕಾಗದ ಕೊಂಡು ಸಿಗರೇಟನ್ನು ತಾವೇ ಸುತ್ತಿಕೊಳ್ಳುತ್ತಾರೆ, ಅದರ ತುದಿಗೆ ಹಾಕಲು ಸಣ್ಣ ಸಣ್ಣ ಫಿಲ್ಟರುಗಳನ್ನು ಚೀಲದಲ್ಲಿ ಮಾರುತ್ತಾರೆ. ಜೀಷಾನ್ ಒಂದು ಹಿಡಿ ಕೊಟ್ಟ. ಆದರೆ ಅದು ಪೈಪಿನ ಪೊಳ್ಳಿಗೆ ತೀರ ಸಣ್ಣದು. ಹಾಕಿದರೆ ಒಳಗೆ ಗಿಲಕಿಯ ಹಾಗೆ ಅಲ್ಲಾಡುತ್ತದೆ, ಎಳೆದರೆ ಜಾರಿ ಬಾಯಿಯ ಕಡೆಗೇ ಬರುತ್ತದೆ.

“ಇದಕ್ಕೆ ಬುಷ್ ಹಾಕ್ಬೇಕು ಯಜಮಾನ್ರೇ” ಎಂದೆ.

ನಮ್ಮ ಕೆಲಸದಲ್ಲಿ ಇದು ದಿನವೂ ಇರುವಂಥದ್ದು. ತೂತು ದೊಡ್ಡದು, ಕೂರಬೇಕಾದ್ದು ಸಣ್ಣದು ಎಂದಾಗ ನಡುವೆ ಒಂದು ಬಳೆಯಂಥದ್ದನ್ನು ತಿರುಗಿಸಿ ಕೂರಿಸುತ್ತೇವೆ. ಪೈಪಿನವರು ಅದಕ್ಕೆ ಅಡಾಪ್ಟರ್ ಎನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ಹೊರಮೈ ಪೈಪಿನ ಪೊಳ್ಳಿಗೆ ಕೂರಬೇಕು, ಒಳಮೈ ಆ ಸಣ್ಣ ಬತ್ತಿಗೆ ಕೂರಬೇಕು.

ಮೊದಲು ಹಿತ್ತಾಳೆಯಲ್ಲಿ ಮಾಡಿದೆ. ಹೊಳೆಯುತ್ತಿತ್ತು, ನನಗೇ ಕೊಡಲು ಮನಸ್ಸಿಲ್ಲದಷ್ಟು ಚೆನ್ನಾಗಿ ಬಂದಿತ್ತು. ಅವರು ಹಾಕಿಕೊಂಡು ಕಲ್ಲಿನ ಮೇಲೆ ಕೂತು ಹತ್ತಿಸಿದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು ನನ್ನ ಬಾಗಿಲಲ್ಲಿ ಉಗಿದರು.

“ಥೂ. ಬಾಯೆಲ್ಲ ಹಳೇ ತಂಬಿಗೆ ನೆಕ್ಕಿದಂಗದೆ.”

“ಸೇದಿದ್ರೆ ಬಾಯಿ ಬೇರೆ ಹೆಂಗಿರ್ಬೇಕಿತ್ತು?”

“ನಿಂಗೆ ಗೊತ್ತಾಗಲ್ಲ ಬುಡು. ಬೇರೆ ಮಾಡು.”

ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟೆ. ಹಿತ್ತಾಳೆಯ ರುಚಿ ಹೋಯಿತು, ಆದರೆ ಗುಳುಗುಳು ಬಂತು. ನೈಲಾನಿನಲ್ಲಿ ಮಾಡಿದೆ. ಬಿಸಿ ತಾಗಿದೊಡನೆ ಕರಟಿದ ವಾಸನೆ. ಆ ಹೊತ್ತಿಗೆ ನನ್ನ ತಾಳ್ಮೆಯೂ ಕರಟಿತ್ತು. ನನ್ನ ಕೈಯಲ್ಲಿ ಅರ್ಜೆಂಟ್ ಕೆಲಸ ಬಿದ್ದಿತ್ತು, ಗಿರಾಕಿ ಫೋನ್ ಮೇಲೆ ಫೋನ್ ಮಾಡುತ್ತಿದ್ದ. “ಯಜಮಾನ್ರೇ, ನಾನು ಇಲ್ಲಿ ಹೊಟ್ಟೆಪಾಡಿಗೆ ಕೂತಿದ್ದೀನಿ, ನಿಮ್ ಪೈಪ್ ನೆಕ್ಕೋಕಲ್ಲ” ಎಂದು ಕೂಗಿದೆ.

ಅವರು ತಿರುಗಿ ಕೂಗಲಿಲ್ಲ. ನನಗೆ ಅದೇ ವಿಚಿತ್ರ ಅನ್ನಿಸಿ ಮೆಷಿನ್ ಆರಿಸಿದೆ. ಸ್ಟೂಲು ಎಳೆದುಕೊಂಡು ಕೂತು ಅವರು ಮೆಲ್ಲಗೆ ಹೇಳಿದರು: “ಮಂಚ ಆಕ್ಸಿದೀನಿ ಕಣ್ಲಾ. ಬಾಣಂತಿ ರೂಮಿಗೆ ಸುಣ್ಣ ಒಡ್ಸಿದೀನಿ. ನಮ್ಮೋಳು ಸಾಂಬ್ರಾಣೀನೂ ಬುಟ್ಬುಟ್ಳು. ಡಾಕ್ಟ್ರು ಅದೂ ಬ್ಯಾಡ ಅಂದವ್ರಂತೆ. ಈ ಮನೇಲಿ ಮಕ್ಳಿಗೆ ಸಾಂಬ್ರಾಣಿ ಆಕ್ದೆ ತಲೆಗೆ ನೀರು ಉಯ್ದಿದ್ದೇ ಇಲ್ಲ. ಅವ್ಳು ಒಂದ್ ಮಾತ್ ಆಡ್ನಿಲ್ಲ. ನಂದೊಂದೇ ಉಳ್ದಿರದು.”

ನಮ್ಮೋಳು ಎಂದರೆ ಅವರ ಹೆಂಡತಿ ಗಂಗರತ್ನಮ್ಮ.

ನಾನು ಅವತ್ತು ಮನೆಗೆ ಹೋದಾಗ ಅಡುಗೆಮನೆಯಿಂದ ಹಳೆಯ ಲಟ್ಟಣಿಗೆ ಎತ್ತಿಕೊಂಡು ಬಂದೆ. ಅದರ ಒಂದು ಹಿಡಿ ಮುರಿದಿತ್ತು. ವರ್ಷಗಟ್ಟಲೆ ಚಪಾತಿ ಲಟ್ಟಿಸಿದ ಮರಕ್ಕೆ ಯಾವ ಕೆಟ್ಟ ರುಚಿಯೂ ಇರಲಾರದು ಎಂದು ನನ್ನ ಲೆಕ್ಕ. ಕಬ್ಬಿಣ ತಿರುಗಿಸುವ ಲೇತಿನಲ್ಲಿ ಮರ ತಿರುಗಿಸುವುದು ಕಷ್ಟ, ಸ್ವಲ್ಪ ಒತ್ತಿದರೆ ಸಿಬಿರು ಏಳುತ್ತದೆ. ಎರಡು ಸೀಳಿಹೋದವು. ಕೊನೆಗೆ ಒಂದು ನಿಂತಿತು. ಪೈಪಿಗೆ ಸಿಕ್ಕಿಸಿದರೆ ಅಲ್ಲೇ ಹುಟ್ಟಿದಂತೆ ಕೂತಿತು. ಒಳಗೆ ಜೀಷಾನ್ ಕೊಟ್ಟ ಬತ್ತಿ. ನಾಲ್ಕು ದಮ್ಮು ಎಳೆದ ಮೇಲೆ ಅವರ ಮುಖ ಅರಳಿತು. ಗುಳುಗುಳು ಇಲ್ಲ, ಕೆಟ್ಟ ರುಚಿ ಇಲ್ಲ, ಮರಕ್ಕೆ ಸ್ವಲ್ಪ ತೇವ ತಾಗಿ ಉಬ್ಬಿ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು.

“ಭಾನ್ವಾರ ನೀನೂ ಇರ್ಬೇಕು” ಎಂದರು. “ಮಾಡ್ದೋನು ನೀನು.”

ಭಾನುವಾರ ಶೆಡ್ಡುಗಳಿಗೆ ರಜ. ಚಪ್ಪಡಿ ಕಲ್ಲಿನ ಸುತ್ತ ಕುರ್ಚಿ ಹಾಕಿದ್ದರು, ಹೆಣ್ಣು ನೋಡಲು ಬಂದವರಿಗೆ ಹಾಕಿದ ಹಾಗೆ. ಮಂಜುಶ್ರೀ ಬಂದಿದ್ದಳು, ಬಾಣಂತಿ ಎಂದು ಕಿವಿಗೆ ಹತ್ತಿ ಇಟ್ಟು ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದರಿಂದ ಅವಳ ಕಣ್ಣು ಗಡಿಯಾರದ ಮೇಲೆಯೇ. ಪಕ್ಕದಲ್ಲಿ ಅವಳ ತಾಯಿ ವೇದಾ. ಗಂಗರತ್ನಮ್ಮನವರು ಮಾತ್ರ ಕುರ್ಚಿ ಬೇಡವೆಂದು ಎಂದಿನಂತೆ ಕಲ್ಲಿನ ಮೇಲೆಯೇ ಗಂಡನ ಪಕ್ಕ ಕೂತರು. ಅವರೆಕಾಯಿ ಬಿಡಿಸುತ್ತಿದ್ದರು.

ದೊಡ್ಡಮುನಿಯಪ್ಪನವರು ಹೆಗಲಿನ ಬಿಳಿ ಟವೆಲ್ಲು ತೆಗೆದರು. ಮೊದಲು ಬತ್ತಿ ಇಲ್ಲದೆ ಒಂದು ದಮ್ಮು ಎಳೆದು, ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದು ಹೊಗೆ ಬಿಟ್ಟರು. ಬಟ್ಟೆಯ ಮೇಲೆ ಕಂದು ಬಣ್ಣದ ದುಂಡನೆ ಕಲೆ ಬಿತ್ತು. ಎಲ್ಲರಿಗೂ ತೋರಿಸಿದರು. ಆಮೇಲೆ ನನ್ನ ಬುಷ್ಷನ್ನೂ ಬತ್ತಿಯನ್ನೂ ಹಾಕಿ ಇನ್ನೊಂದು ದಮ್ಮು. ಈ ಸಲ ಕಲೆ ಕಂಡೂ ಕಾಣದಷ್ಟು ತೆಳು.

“ನೋಡಮ್ಮ. ಎಲ್ಲೋಯ್ತು ಅದು? ಬತ್ತಿ ತಿಂದ್ಕಂತು. ಗಿರಿ ಮಾಡವ್ನೆ” ಎಂದು ನನ್ನತ್ತ ಬೆರಳು ತೋರಿಸಿದರು.

ನನಗೂ ಒಳಗೊಳಗೇ ಹೆಮ್ಮೆ. ಮಂಜುಶ್ರೀ ಟವೆಲ್ಲನ್ನು ಹಿಡಿದು ಎರಡೂ ಕಲೆಗಳನ್ನು ನೋಡಿದಳು. “ಹೌದು ತಾತ, ಕಮ್ಮಿ ಆಗದೆ” ಎಂದಳು. ಅವಳಿಗೂ ತವರಿಗೆ ಬರುವ ಆಸೆ ಇತ್ತಲ್ಲ, ಒಪ್ಪಿಕೊಳ್ಳುವ ದಾರಿ ಹುಡುಕುತ್ತಿದ್ದಳು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಷ್ಟು ಹೊತ್ತೂ ಪೈಪು ಮುದುಕರ ಕೈಯಲ್ಲಿ ತನ್ನಷ್ಟಕ್ಕೆ ಉರಿಯುತ್ತಿತ್ತು. ಬಟ್ಟಲಿನಿಂದ ಹೊಗೆ ನೆಟ್ಟಗೆ ಮೇಲೆದ್ದು, ಗಾಳಿಗೆ ಬಾಗಿ, ಪಕ್ಕದಲ್ಲಿದ್ದ ಗಂಗರತ್ನಮ್ಮನವರ ಕಡೆಗೆ ಹೋಗುತ್ತಿತ್ತು. ಅವರು ಒಂದು ಸಲ ಕೆಮ್ಮಿ, ಅವರೆಕಾಯಿ ಮೊರ ಪಕ್ಕಕ್ಕಿಟ್ಟು, ಮೊಮ್ಮಗಳ ಕೈಯಿಂದ ಟವೆಲ್ಲು ತೆಗೆದುಕೊಂಡರು. ಬಿಳಿಯಾಗಿದ್ದ ಒಂದು ಮೂಲೆಯನ್ನು ಹುಡುಕಿ ಬಟ್ಟಲಿನ ಮೇಲೆ ಚಪ್ಪರದ ಹಾಗೆ ಹಿಡಿದರು. ಸ್ವಲ್ಪ ಹೊತ್ತು ಹಿಡಿದು, ತಿರುಗಿಸಿ, ಗಂಡನ ತೊಡೆಯ ಮೇಲೆ ಹಾಸಿದರು. ಹಳದಿ ಕಲೆ ಅಂಗೈಯಷ್ಟು ಅಗಲ ಬಿದ್ದಿತ್ತು.

“ನಿಮ್ ಬತ್ತಿ ನಿಮ್ ಬಾಯ್ತಾವ ಅದೆ” ಎಂದರು. “ನಾವ್ ಕುಂತಿರದು ಈ ಕಡೆ.”

ಅಷ್ಟೆಲ್ಲ ಬುಷ್ಷು ಕೂತು ತಿರುಗಿಸಿದ ನನಗೆ ಇದು ಹೊಳೆದೇ ಇರಲಿಲ್ಲ. ಎರಡು ಕಡೆ ಬಾಯಿರುವ ಕೊಳವೆಗೆ ಒಂದೇ ಕಡೆ ಜಾಲರಿ ಹಾಕಿ ನೀರು ಶುದ್ಧವಾಯಿತು ಎಂದಂತೆ ಆಗಿತ್ತು ನಮ್ಮ ಕೆಲಸ. ದೊಡ್ಡಮುನಿಯಪ್ಪನವರು ಟವೆಲ್ಲನ್ನು ನೋಡಿದರು, ಪೈಪನ್ನು ನೋಡಿದರು, ಹೆಂಡತಿಯ ಕಡೆಗೆ ಮಾತ್ರ ನೋಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಏ ಗಿರಿ. ಮೇಲ್ಗಡೇಕೂ ಒಂದ್ ಬುಷ್ ಮಾಡಕಾಯ್ತದಾ?”

ನನಗೆ ರೇಗಿತು. “ಮೇಲೆ ಮುಚ್ಚಿದ್ರೆ ಬೆಂಕಿ ಎಲ್ಲಿಂದ ಉರಿಯುತ್ತೆ ಯಜಮಾನ್ರೇ? ಒಲೆ ಬಾಯಿ ಮುಚ್ಚಿ ಮುದ್ದೆ ಬೇಯ್ಸೋಕಾಗುತ್ತಾ?”

ವೇದಾ ಸೆರಗು ಅಡ್ಡ ಹಿಡಿದು ನಕ್ಕರು. ಮಂಜುಶ್ರೀ ನಗಲಿಲ್ಲ. ಕುರ್ಚಿಯಿಂದ ಎದ್ದು ಬಂದು ತಾತನ ಕಾಲ ಹತ್ತಿರ ಕೂತಳು.

“ತಾತ, ನಾನು ಈ ಕಲ್ ಮೇಲೇ ನಿನ್ ತೊಡೇಲಿ ಬೆಳ್ದೋಳು. ನನಗೇನೂ ಆಗ್ಲಿಲ್ಲ. ಅವ್ಳಿಗಿನ್ನೂ ಉಸ್ರು ಗಟ್ಟಿ ಇಲ್ಲ ಕಣೋ ತಾತ. ಮಲ್ಗಿದ್ದಾಗ ನಾನು ಎದ್ದೆದ್ದು ಮೂಗಿನ್ ಹತ್ರ ಕೈ ಇಟ್ಟು ನೋಡ್ತೀನಿ.”

ಮುದುಕರು ಪೈಪನ್ನು ಕಲ್ಲಿಗೆ ತಟ್ಟಿ ಬೂದಿ ಕೊಡವಿದರು. “ಕರ್ಕಂಬಾ” ಎಂದರು. “ನಾನ್ ಗೇಟಿಂದಾಚೆ ಓಯ್ತೀನಿ.”

“ಆಚೆ ಓಗದೊಂದೇ ಅಲ್ಲ” ಎಂದರು ಗಂಗರತ್ನಮ್ಮ. “ಬಂದ್ಮೇಕೆ ತಲೆಗೆ ನೀರು ಉಯ್ಕಂಡು ಬಟ್ಟೆ ಬದ್ಲಾಯ್ಸಿ ಒಸ್ಲು ದಾಟ್ಬೇಕು. ಬಾಣಂತಿ ಮನೆ ಇದು.”

ಮುದುಕರು ಒಪ್ಪಿಕೊಂಡರು. ಅದು ಎಂಥ ಕಷ್ಟ ಎಂದು ಅವರಿಗೆ ಆಗ ಗೊತ್ತಿರಲಿಲ್ಲ.

ಆ ವಾರದಲ್ಲೇ ಮಂಜುಶ್ರೀ ಮಗುವಿನೊಂದಿಗೆ ಬಂದಳು. ಬಾಗಿಲಲ್ಲಿ ದೃಷ್ಟಿ ನಿವಾಳಿಸಿ ಒಳಗೆ ಕರೆದುಕೊಂಡರು. ಬಟ್ಟೆಯ ಗಂಟಿನಲ್ಲಿ ಒಂದು ಮುಷ್ಟಿಯಷ್ಟು ಮುಖ. ದೊಡ್ಡಮುನಿಯಪ್ಪನವರು ಬೆಳಿಗ್ಗೆಯೇ ಮಿಂದು ಬಿಳಿ ಪಂಚೆ ಉಟ್ಟು ಕಾದಿದ್ದರು. ಆದರೆ ಮಗು ಬರುವ ಮೊದಲು ಒಂದು ಸಲ ಗೇಟಿನ ಆಚೆ ಹೋಗಿ ಸೇದಿ ಬಂದಿದ್ದರು. ಗಂಗರತ್ನಮ್ಮನವರಿಗೆ ವಾಸನೆ ಗೊತ್ತಾಯಿತು. “ಇನ್ನೊಂದ್ ಸಲ ಮಿಂದ್ಕಂಬನ್ನಿ.” ಅವರು ಮಿಂದು ಬರುವ ಹೊತ್ತಿಗೆ ಮಗು ಹಾಲು ಕುಡಿದು ಮಲಗಿತ್ತು. ಬಾಗಿಲಿನಿಂದಲೇ ನೋಡಿ ಬಂದರು.

ಅಲ್ಲಿಂದ ಶುರುವಾಯಿತು. ಕಂಬದ ಎದುರು ಜೀಷಾನ್ ಅಂಗಡಿಯ ಮಗ್ಗುಲಲ್ಲಿ ಒಂದು ಪೈಪು, ಹಿತ್ತಿಲಲ್ಲಿ ಒಂದು ಸ್ನಾನ. ಊಟ ಆದ ಮೇಲೆ ಇನ್ನೊಂದು ಪೈಪು, ಇನ್ನೊಂದು ಸ್ನಾನ. ಚಳಿಗಾಲ, ನಮ್ಮ ಕಡೆ ಮಧ್ಯಾಹ್ನವೂ ಗಾಳಿ ತಣ್ಣಗೆ ಕೊರೆಯುತ್ತದೆ. ಸೊಸೆ ಎಷ್ಟು ಸಲ ನೀರು ಕಾಯಿಸಿಯಾರು, ಆಮೇಲೆ ತಣ್ಣೀರೇ. ತಂತಿಯ ಮೇಲೆ ಅವರ ಪಂಚೆಗಳು ಸಾಲಾಗಿ ತೂಗುತ್ತಿದ್ದದ್ದನ್ನು ನೋಡಿ ಪೇಂಟಿಂಗ್‌ನವರು, ತಾತ ಲಾಂಡ್ರಿ ಇಟ್ಟರಾ ಎಂದು ನನ್ನನ್ನು ಕೇಳಿದರು.

ಕೊನೆಗೆ ಆಗಬೇಕಾದ್ದು ಆಯಿತು. ನೆಗಡಿ ಹಿಡಿಯಿತು. ಸೀನುತ್ತ ಬಾಣಂತಿ ಕೋಣೆಯ ಹತ್ತಿರ ಹೋದರೆ ಗಂಗರತ್ನಮ್ಮ ಬಾಗಿಲಿಗೆ ಅಡ್ಡ ನಿಂತರು. “ನೆಗ್ಡಿ ಆದೋರು ಬರಂಗಿಲ್ಲ. ಡಾಕ್ಟ್ರು ಅದನ್ನೂ ಏಳವ್ರೆ.”

“ನಿನ್ ಡಾಕ್ಟ್ರು ನನ್ ಮನೇಲಿ ನಾನ್ ಎಲ್ಲಿ ಇರ್ಬೇಕು ಅಂತಾನೂ ಏಳವ್ನಾ?”

“ಇಲ್ಲ. ಅದನ್ನ ನಾನ್ ಏಳ್ತೀನಿ. ಕಲ್ ಮೇಲೆ ಕುಂತ್ಕಳಿ.”

ಹೊಗೆ ಇಲ್ಲದ ಮನೆಗೆ ಮಗು ಬಂತು, ತಾತನೇ ಮಗುವನ್ನು ಮುಟ್ಟುವಂತಿಲ್ಲ. ಒಂದೇ ಗೋಡೆಯ ಆಚೆ ಮಗು ಅಳುವುದು ಕೇಳಿಸುತ್ತದೆ, ಇವರು ಕಂಬಳಿ ಹೊದ್ದು ಮರದ ಕೆಳಗೆ ಕೂತು ಮೂಗು ಒರೆಸಿಕೊಳ್ಳುತ್ತಾರೆ. ನಾನು ಟೀ ತರಿಸಿ ಕೊಟ್ಟೆ. ಕುಡಿದರು. ನನ್ನನ್ನು ಬೈಯಲಿಲ್ಲ. ಎರಡು ದಿನ ಯಾರನ್ನೂ ಬೈಯಲಿಲ್ಲ, ಗೇಟಿಗೆ ಅಡ್ಡ ಲಾರಿ ನಿಲ್ಲಿಸಿದ ಡ್ರೈವರನ್ನೂ ಬೈಯಲಿಲ್ಲ. ಅವನ ಮೇಲೆ ನಾನೇ ಕೂಗಾಡಬೇಕಾಯಿತು.

ಅದರ ಮಾರನೇ ಬೆಳಿಗ್ಗೆ ಕಂಬಳಿ ಹೊದ್ದುಕೊಂಡೇ ಶೆಡ್ಡಿಗೆ ಬಂದರು. ಪೈಪನ್ನು ನನ್ನ ಕೈಗೆ ಕೊಟ್ಟರು.

“ಇನ್ನೊಂದ್ ಬುಷ್ ಮಾಡು. ತೂತ್ ಬ್ಯಾಡ.”

ನನಗೆ ಅರ್ಥವಾಗಲಿಲ್ಲ. “ತೂತಿಲ್ದಿದ್ರೆ ಅದು ಬುಷ್ ಆಗಲ್ಲ ಯಜಮಾನ್ರೇ. ಬಿರಡೆ ಆಗುತ್ತೆ.”

“ಅದೇ. ಬಿರಡೆ ಮಾಡು. ಇಕ್ಳ ಆಕಿ ಎಳುದ್ರೂ ಬರ್ಬಾರ್ದು.”

“ಅಷ್ಟ್ಯಾಕೆ? ಸೇದೋದ್ ಬೇಡ ಅಂದ್ರೆ ಸೊಪ್ಪು ತುಂಬ್ಬೇಡಿ, ಆಯ್ತಲ್ಲ.”

“ಸೊಪ್ಪು ಜೀಷಾನ್ ಅಂಗ್ಡೀಲಿ ಅದೆ. ಕಾಲು ತಾನಾಗೇ ಅಲ್ಲಿಗ್ ಓಯ್ತದೆ. ಕಾಲಿಗೆ ಬಿರಡೆ ಆಕಕಾಯ್ತದಾ?” ಒಂದು ಸೀನು ಸೀನಿ, ಮೂಗು ಒರೆಸಿಕೊಂಡು ಮುಂದುವರಿಸಿದರು. “ಬಾಯಾಗೆ ಏನಾನ ಕಚ್ಕಳ್ದಿದ್ರೆ ನಂಗೆ ಕುಂತ್ಕಳಕ್ಕಾಗಲ್ಲ. ಕಚ್ಕತೀನಿ, ಎಳುದ್ರೆ ಬರ್ಬಾರ್ದು. ಅಷ್ಟೇಯ.”

ಲಟ್ಟಣಿಗೆಯ ಮರ ಇನ್ನೂ ಸ್ವಲ್ಪ ಉಳಿದಿತ್ತು. ಅದರಲ್ಲೇ ತಿರುಗಿಸಿದೆ, ಪೊಳ್ಳಿಗಿಂತ ಕೂದಲೆಳೆಯಷ್ಟು ದಪ್ಪ ಇಟ್ಟೆ. ಮೈಗೆ ಅಂಟು ಸವರಿದೆ. ಕೊಳವೆಯನ್ನು ಬಟ್ಟೆ ಸುತ್ತಿ ವೈಸಿನ ದವಡೆಗೆ ಕಟ್ಟಿ, ಮರದ ಸುತ್ತಿಗೆ ಕೈಗೆ ತೆಗೆದುಕೊಂಡ ಮೇಲೆ ನನಗೇ ಕೈ ಏಳಲಿಲ್ಲ. ಅಷ್ಟು ನುಣುಪಾದ ಕೆಲಸ. ಯಾರೋ ಎಲ್ಲೋ ದೂರದಲ್ಲಿ ಕೂತು ಮನಸ್ಸಿಟ್ಟು ಮಾಡಿದ್ದು. ಒಂದು ಸಲ ಹೊಡೆದರೆ ಮತ್ತೆ ಅದು ಪೈಪಲ್ಲ.

“ಯೋಚ್ನೆ ಮಾಡಿ ಯಜಮಾನ್ರೇ. ಆಮೇಲೆ ನನ್ನ ಬೈಬೇಡಿ.”

“ಬೈತೀನಿ. ಬೈಯ್ದೇ ಇರ್ತೀನಾ. ನೀನ್ ಒಡಿ.”

ಹೊಡೆದೆ. ಅವರು ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದರು. ಬಿರಡೆ ಒಳಗೆ ಹೋಗಿ ಕೂತಿತು. ಜೋಡಿಸಿ ಕೊಟ್ಟೆ. ಬಾಯಿಗಿಟ್ಟು ಎಳೆದು ನೋಡಿದರು. ಕೆನ್ನೆ ಒಳಕ್ಕೆ ಹೋಯಿತು, ಗಾಳಿ ಬರಲಿಲ್ಲ. ಮತ್ತೊಂದು ಸಲ ಎಳೆದರು. “ಬರಾಕಿಲ್ಲ” ಎಂದರು, ಬತ್ತಿದ ಕೊಳವೆಬಾವಿಯ ಹತ್ತಿರ ನಿಂತವರ ಹಾಗೆ. ಆಮೇಲೆ ಕಂಬಳಿ ಸರಿಮಾಡಿಕೊಂಡು ಹೋದರು.

ಸುಲಭವೇನೂ ಆಗಲಿಲ್ಲ. ಮೊದಲ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ರಾಗಿ ಹುರಿಹಿಟ್ಟು ಬಾಯಿಗೆ ಹಾಕಿಕೊಂಡು, ಪೈಪು ಕಚ್ಚಿಕೊಂಡು, ಕಾಂಪೌಂಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಬೈಗುಳ ವಾಪಸ್ಸು ಬಂತು, ಮೊದಲಿಗಿಂತ ಜೋರಾಗಿ. ಅದರಲ್ಲಿ ನನ್ನ ಪಾಲು ನನಗೆ ಸರಿಯಾಗಿ ಸಿಕ್ಕಿತು. ನೆಗಡಿ ಹೋಗಿ ಮೂರ್ನಾಲ್ಕು ದಿನ ಆದ ಮೇಲೆ ಗಂಗರತ್ನಮ್ಮ ಅವರನ್ನು ಹತ್ತಿರ ಕರೆದು, ಕೊರಳು, ಕೈ, ಮೀಸೆ ಎಲ್ಲ ಮೂಸಿ ನೋಡಿದರಂತೆ. ಆಮೇಲೆ ಕೂರಿಸಿ, ಮಗುವನ್ನು ತಂದು ತೋಳಿಗೆ ಕೊಟ್ಟರಂತೆ. ನಾನು ಅಲ್ಲಿರಲಿಲ್ಲ. ವೇದಾ ಹೇಳಿದ್ದು: “ಮಾವ ಎಷ್ಟ್ ಹೊತ್ತು ಕೂತಿದ್ರೋ ಗಿರಿಯಣ್ಣ, ಕೊನೆಗೆ ತೋಳು ಮರಗಟ್ಟಿ ನಾವೇ ಬಿಡಿಸ್ಕೋಬೇಕಾಯ್ತು.”

ಹೋದ ವಾರ ಮಧ್ಯಾಹ್ನ ನಾನು ಒಂದು ದಪ್ಪ ಶಾಫ್ಟು ಕಟ್ಟಿದ್ದೆ. ಎಣ್ಣೆ ಕಾದು ಮೆಷಿನ್ ಸುತ್ತ ನೀಲಿ ಹೊಗೆ ಕಟ್ಟಿತ್ತು, ಅದು ನಮ್ಮಲ್ಲಿ ಇದ್ದದ್ದೇ. ಬಾಗಿಲಿನಿಂದ ಆಚೆ, ಬಹಳ ದೂರದಲ್ಲಿ ಯಾರೋ ಕೈ ಬೀಸುತ್ತಿದ್ದರು. ಮೆಷಿನ್ ಬಿಟ್ಟು ಹೋದೆ. ದೊಡ್ಡಮುನಿಯಪ್ಪನವರು. ಭುಜದ ಮೇಲೆ ಮಗು, ತಲೆಗೆ ಉಣ್ಣೆ ಟೋಪಿ, ಬಾಯಿ ತೆರೆದುಕೊಂಡು ನಿದ್ದೆ.

“ನಿನ್ ಎಣ್ಣೆ ವಗೆ ಮನೆ ಕಡೆ ಬತ್ತದೆ ಕಣ್ಲಾ” ಎಂದರು, ಪಿಸುಗುಟ್ಟುತ್ತ. “ಅತ್ಲಾಗೆ ತಿರುಗ್ಸು.”

“ಅದು ಹೊಗೆ ಯಜಮಾನ್ರೇ. ತಿರುಗ್ಸೋಕೆ ಅದೇನು ಎತ್ತಾ?” ನಾನೂ ಪಿಸುಮಾತಿನಲ್ಲೇ ಕೇಳಿದೆ.

“ಗೋಡೆ ಒಡ್ದು ಫ್ಯಾನ್ ಆಕ್ಸು.”

“ಗೋಡೆ ನಿಮ್ದು. ನೀವು ಹಾಕ್ಸಿ.”

“ವಗೆ ನಿಂದು. ನೀನ್ ಆಕ್ಸು.”

ನನಗೆ ಸಿಟ್ಟು ನೆತ್ತಿಗೆ ಏರಿತ್ತು, ಅವರಿಗೂ ಅಷ್ಟೇ, ಕೊರಳ ನರ ಉಬ್ಬಿದ್ದು ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಪೇಂಟಿಂಗ್ ಶೆಡ್ಡಿನವರೆಲ್ಲ ಹೊರಗೆ ಬಂದು ನಿಂತಿರುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆಗೆದೆ, ಮಗು ಸ್ವಲ್ಪ ಮಿಸುಕಿತು. ಇಬ್ಬರೂ ಗಪ್‌ಚಿಪ್ಪಾದೆವು. ಅವರು ಬೆನ್ನು ತಟ್ಟುತ್ತ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆದರು. ಅದರ ಉಸಿರು ಮತ್ತೆ ನಿಧಾನಕ್ಕೆ ಬಂದ ಮೇಲೆ, ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಜಗಳ ಮುಂದುವರಿಸಿದೆವು, ಅದೇ ಪಿಸುಮಾತಿನಲ್ಲಿ.